ಪಾಲಿಗೆ ಬಂದ ಫ್ಲಾಪಿಗಳು

ಎರಡನೇ ಕೈ ಲ್ಯಾಪ್‌ಟಾಪನ್ನು ನಂದಕುಮಾರ ಬೆಂಗಳೂರಿನಿಂದ ತಂದದ್ದು ಟವೆಲಿನಲ್ಲಿ ಸುತ್ತಿ, ಬಸ್ಸಿನ ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡು. ಹೆಂಡತಿಯ ಮಡಿಲಿಗೆ ಇಳಿಸುವಾಗಲೂ ಆಸ್ಪತ್ರೆಯ ಆಯಾ ಕೂಸನ್ನು ಕೊಡುವಷ್ಟೇ ಜೋಪಾನ ಮಾಡಿದ.

"ಹುಷಾರು ಕಣೇ. ರಾಜಾನುಕುಂಟೆ ಹತ್ರ ಒಬ್ಬ ಅಜ್ಜ, 'ಏನಪ್ಪಾ ಅದು ಹಾರ್ಮೋನಿಯಮ್ಮಾ, ಒಂದು ಭಜನೆ ಬಾರ್ಸು' ಅಂತಾನೆ!"

ನಾಗಲಕ್ಷ್ಮಮ್ಮ ನಗಲಿಲ್ಲ. ಮುಚ್ಚಳ ತೆಗೆದಳು. ಮೂಲೆಯೊಂದು ಸೀಳಿತ್ತು, ಅಂಟುಪಟ್ಟಿ ಹಾಕಿದ್ದರು. ಅದನ್ನು ಅವಳು ಲೆಕ್ಕಕ್ಕೇ ತೆಗೆದುಕೊಳ್ಳದೆ ಪಕ್ಕದಲ್ಲಿ ಫ್ಲಾಪಿ ತೂರಿಸುವ ಬಾಯಿ ಇದೆಯೇ ಎಂದು ಬೆರಳಿಟ್ಟು ನೋಡಿದಳು. ಇತ್ತು.

"ಮಿಷನ್ ಏನೋ ಬಂತು," ಅಂದಳು. "ಒಳಗೆ ತುಂಬೋದು ಅರ್ಧ ನಮ್ಮ ಬೀರುವಲ್ಲಿದೆ. ಇನ್ನರ್ಧ?"

ನಂದಕುಮಾರ ನಡುಮನೆಯ ಗೋಡೆ ನೋಡಿದ. ಗಾರೆ ಮೆತ್ತದ ಇಟ್ಟಿಗೆ ಗೋಡೆ. ಹೋದ ವರ್ಷ ಅಲ್ಲಿ ಗೋಡೆಯಿರಲಿಲ್ಲ. ಈಗ ಅದರ ಆಚೆ ಅವನ ಅಣ್ಣ ರಾಜೇಂದ್ರನ ಸಂಸಾರ. ಆಚೆಯ ಮಗ್ಗಗಳೂ ಈಚೆಯ ಮಗ್ಗಗಳೂ ಮಾತ್ರ ಮೊದಲಿನಂತೆಯೇ ಕೂಡಿಕೊಂಡು ಬಡಿಯುತ್ತಿದ್ದವು. ಆ ಸದ್ದನ್ನು ಹಂಚುವ ಬಗೆ ಯಾರಿಗೂ ಹೊಳೆದಿರಲಿಲ್ಲ.

ನಾಗಲಕ್ಷ್ಮಮ್ಮ ಬೆಂಗಳೂರು ಕಡೆಯ ವಿಜಯಪುರದ ಕೈಮಗ್ಗದ ಲಕ್ಷ್ಮಯ್ಯನ ಮಗಳು. ಅಪ್ಪ ಚೌಕುಳಿ ಹಾಳೆಯ ಮೇಲೆ ಬುಟ್ಟ ಬರೆಯುವಾಗ ಪಕ್ಕದಲ್ಲಿ ಕೂತು ಪೆನ್ಸಿಲು ಚೂಪು ಮಾಡಿಕೊಡುತ್ತಾ ಬೆಳೆದವಳು. "ಬಗ್ಗೋ ಕಡೆ ಅವಸರ ಮಾಡ್ಬೇಡ ಮಗಾ, ಬಳ್ಳಿ ಉಸಿರು ತಗೊಳ್ಳೋದು ಅಲ್ಲೇ" ಎನ್ನುತ್ತಿದ್ದನಂತೆ ಆತ. ಪಿಯುಸಿ ಮುಗಿಸಿ ದೊಡ್ಡಬಳ್ಳಾಪುರಕ್ಕೆ, ರಾಮಾಂಜಿನಪ್ಪನವರ ಕಿರಿಯ ಸೊಸೆಯಾಗಿ ಬಂದಳು. ಇಲ್ಲಿ ಪವರ್‌ಲೂಮು. ಡಿಸೈನನ್ನು ದುಡ್ಡು ಕೊಟ್ಟು ಬೆಂಗಳೂರಿನಿಂದ ತರುತ್ತಿದ್ದರು. ಆ ಡಿಸೈನಿನವನೋ, ಮಾರಿದ್ದನ್ನೇ ನಾಲ್ಕು ಮನೆಗೆ ಮಾರುವ ಮಹಾನುಭಾವ. ಒಂದು ಸಲ ರಾಮಾಂಜಿನಪ್ಪನವರು ಚಿಕ್ಕಪೇಟೆಯ ಅಂಗಡಿಯಲ್ಲಿ ಸೀರೆ ಬಿಚ್ಚಿದರೆ, ಪಕ್ಕದಲ್ಲೇ ಎದುರುಮನೆಯವರದ್ದು ಅದೇ ನವಿಲು ಕತ್ತು ತಿರುಗಿಸಿಕೊಂಡು ಕೂತಿದೆ. ಸಾಹುಕಾರ ಎರಡನ್ನೂ ಒಟ್ಟಿಗೆ ಮಡಚಿ, "ಯಾರು ಕಮ್ಮಿಗೆ ಕೊಡ್ತೀರೋ ಅವರದ್ದು ಇಡ್ತೀನಿ" ಅಂದುಬಿಟ್ಟ.

ಅವತ್ತು ಊಟಕ್ಕೆ ಕೂತು ಮಾವ ಗೊಣಗುತ್ತಿದ್ದರೆ ಬಾಗಿಲ ಮರೆಯಿಂದ ಕಿರಿಸೊಸೆ, "ಮಾವ, ನಾನು ಬರೀಲಾ?" ಎಂದಳು.

ಬರೆದಳು. ಅವಳ ಮೊದಲ ಅಂಚು ಮಗ್ಗದಿಂದ ಇಳಿದ ದಿನ ರಾಮಾಂಜಿನಪ್ಪನವರು ಸೀರೆಯ ಮೇಲೆ ಅಂಗೈ ಆಡಿಸಿ, ಎದ್ದು ಹೋಗಿ ಒಂದು ಪೊಟ್ಟಣ ಮಲ್ಲಿಗೆ ತಂದರು. ಆಮೇಲೆ ಕಂಪ್ಯೂಟರ್ ಕಾಲ ಬಂತು. ಬಸ್‌ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ಕ್ಲಾಸ್ ಇಟ್ಟಿದ್ದ ಮುನಿರಾಜ್ ಅವಳಿಗೆ ಮೌಸು ಹಿಡಿಯುವುದು ಕಲಿಸಿದ. ಮೇಜಿನ ಮೇಲೆ ಕಂಪ್ಯೂಟರು, ಪಕ್ಕದ ತೊಲೆಗೆ ಹಳೇ ಸೀರೆಯ ಜೋಲಿ, ಜೋಲಿಯಲ್ಲಿ ಮಗಳು ಮೇಘನ. ಹಗ್ಗದ ತುದಿ ತಾಯಿಯ ಕಾಲಿನ ಹೆಬ್ಬೆರಳಿಗೆ. ಕಾಲು ತೂಗುತ್ತಿತ್ತು, ಕೈ ಬರೆಯುತ್ತಿತ್ತು. ಮಗು ಹಟ ಹಿಡಿದರೆ ವಾರಗಿತ್ತಿ ಲಕ್ಷ್ಮೀದೇವಮ್ಮ ಬಂದು ಸೊಂಟಕ್ಕೆ ಏರಿಸಿಕೊಳ್ಳುತ್ತಿದ್ದಳು. ರಾಜೇಂದ್ರನ ಹೆಂಡತಿ, ನಾಗಲಕ್ಷ್ಮಮ್ಮನ ಬಾಯಲ್ಲಿ ಅಕ್ಕ. ಯಾವ ಡಿಸೈನೇ ಆಗಲಿ, ಮೊದಲು ನೋಡುತ್ತಿದ್ದವಳು ಅವಳೇ.

"ಇದು ಬ್ಯಾಡ ಕಣೇ ನಾಗೂ, ಗಿಳಿ ಮುಖ ಫೋಟೋದಲ್ಲಿರೋ ನಮ್ಮತ್ತೆ ಸಿಟ್ಟು ಮಾಡ್ಕೊಂಡಂಗಿದೆ."

"ಹಂಗಾದ್ರೆ ಕೊಕ್ಕು ಸ್ವಲ್ಪ ಮೇಲಕ್ಕೆತ್ಲಾ ಅಕ್ಕ?"

"ಎತ್ತು. ಹಾಂ, ಈಗ ನಿನ್ನ ಥರ ಆಯ್ತು. ಮಾತಾಡಕ್ಕೆ ಮುಂಚೆ ಮೂತಿ ಎತ್ತೋದು!"

ಹಾಗಿದ್ದ ಮನೆ ಒಡೆದದ್ದು ಬೈಗುಳಕ್ಕಲ್ಲ, ಹೊಗಳಿಕೆಗೆ. ಚಿಕ್ಕಪೇಟೆಯ ಸಾಹುಕಾರ ಒಮ್ಮೆ ರಾಜೇಂದ್ರನಿಗೆ, "ನಿನ್ನ ತಮ್ಮನ ಹೆಂಡ್ತಿ ಬರೆದಿರೋದಕ್ಕೆ ಒಂದು ಗುರುತು ಹಾಕಿ ಕಳ್ಸಪ್ಪ, ಅವು ಅಂಗಡೀಲಿ ನಿಲ್ಲಲ್ಲ" ಅಂದ. ಒಳ್ಳೆಯ ಮಾತೇ. ಆದರೆ ಗಂಜಿ ಹೆಚ್ಚಾದ ಹಾಸುನೂಲಿನ ಹಾಗೆ ಅವತ್ತಿನಿಂದ ಮನೆ ಸೆಟೆದುಕೊಂಡಿತು. ಸಾರಿಗೆ ಉಪ್ಪು ಯಾರು ಹಾಕಬೇಕು, ಚಿಕ್ಕಪೇಟೆಗೆ ಯಾರು ಹೋಗಬೇಕು, ಎಲ್ಲಕ್ಕೂ ಎಳೆ ಕಡಿಯತೊಡಗಿತು.

ಆ ದಿನಗಳಲ್ಲೇ ಮುನಿರಾಜ್ ಹೇಳಿದ್ದು: "ಅಕ್ಕಾ, ಈ ಊರ ಕರೆಂಟು ನಂಬಬೇಡಿ. ಬರೆದಿರೋದನ್ನೆಲ್ಲಾ ಫ್ಲಾಪಿಗೆ ಬ್ಯಾಕಪ್ ತೆಗೆದಿಡಿ. ಮಿಷನ್ ಸತ್ತರೂ ಇನ್ನೊಂದಕ್ಕೆ ತುಂಬ್ಕೋಬೋದು." ಅವಳು ಹಾಗೇ ಮಾಡಿದಳು. ಅಷ್ಟೂ ವರ್ಷದ ಅಂಚು, ಬುಟ್ಟ, ಸೆರಗುಗಳು ಹನ್ನೆರಡು ಫ್ಲಾಪಿಗಳಾದವು. ಒಂದೊಂದಕ್ಕೂ ನಂಬರು ಬರೆದು ಬಳೆಯ ಡಬ್ಬಿಯಲ್ಲಿ ಜೋಡಿಸಿದಳು. ಲಕ್ಷ್ಮೀದೇವಮ್ಮ ಅದನ್ನು ಕಂಡಳು.

"ಮನೆ ಇನ್ನೂ ಒಡೆದಿಲ್ಲ, ಇವಳು ಆಗಲೇ ಗಂಟು ಕಟ್ಟಾಯ್ತು!"

ಮುಂಜಾಗ್ರತೆ ಅನ್ನುವುದು ಕೂಡುಕುಟುಂಬದಲ್ಲಿ ಕಳ್ಳತನದ ಇನ್ನೊಂದು ಹೆಸರು. ಪಾಲಾಗುವ ದಿನ ಕುಲದ ಹಿರಿಯ ಸಂಜೀವಪ್ಪನವರು ಚಾಪೆಯ ಮೇಲೆ ಕೂತು ಮಗ್ಗ, ಬೀಮು, ಹಂಡೆ, ಕೊಳಗ ಎಲ್ಲಾ ಹಂಚಿ ಮುಗಿಸುವ ಹೊತ್ತಿಗೆ ಲಕ್ಷ್ಮೀದೇವಮ್ಮ ಆ ಬಳೆ ಡಬ್ಬಿಯನ್ನು ತಂದು ನಡುವೆ ಇಟ್ಟಳು. "ಇದು ಬಿಟ್ಟೋಯ್ತು. ಮನೆ ಡಿಸೈನೆಲ್ಲಾ ಇದರೊಳಗಿದೆ."

"ಹೌದೇನಮ್ಮ?" ಅಂದರು ಸಂಜೀವಪ್ಪ. "ಹಂಗಾದ್ರೆ ಇದೂ ಆಸ್ತೀನೇ."

ನೇಕಾರರಲ್ಲಿ ರೇಷ್ಮೆ ಲಡಿ ಹಂಚುವ ಕ್ರಮ ಒಂದಿದೆ. ಕಂತೆಯ ಮೇಲಿನ ಲಡಿ ಒಣಗಿರುತ್ತದೆ, ಅಡಿಯದು ತೇವ ಹಿಡಿದಿರುತ್ತದೆ. ಅದಕ್ಕೇ ಅರ್ಧ ಸೀಳಿ ಕೊಡುವುದಿಲ್ಲ. ಒಂದು ಇವರಿಗೆ, ಒಂದು ಅವರಿಗೆ ಎಂದು ಬಿಟ್ಟು ಬಿಟ್ಟು ಹಾಕುತ್ತಾ ಹೋಗುತ್ತಾರೆ. ಆಗ ಯಾರಿಗೂ ಮೋಸವಿಲ್ಲ. ಸಂಜೀವಪ್ಪನವರು ಫ್ಲಾಪಿಗಳನ್ನೂ ಹಾಗೇ ಹಾಕಿದರು. ಮೊದಲನೆಯದು ರಾಜೇಂದ್ರನಿಗೆ, ಎರಡನೆಯದು ನಂದಕುಮಾರನಿಗೆ, ಮೂರನೆಯದು ಮತ್ತೆ ರಾಜೇಂದ್ರನಿಗೆ.

ನಾಗಲಕ್ಷ್ಮಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ತಡೆಯಲಾಗಲಿಲ್ಲ. "ಅದನ್ನ ಹಂಗೆ ಹಂಚೋಕಾಗಲ್ಲ ದೊಡ್ಡಪ್ಪಾ. ಒಂದರ ಬಾಲ ಇನ್ನೊಂದರಲ್ಲಿರುತ್ತೆ. ಎಲ್ಲಾ ಒಟ್ಟಿಗಿದ್ರೇನೇ ಬಿಚ್ಚೋದು."

"ಲಡೀನೂ ಹಂಗೇ ಕಣಮ್ಮ. ಎಳೆ ಕಡಿದ್ರೆ ಗಂಟು ಹಾಕ್ಕೊಂಡ್ರಾಯ್ತು."

ಗಂಡಸರು ನಕ್ಕರು. ರಾಜೇಂದ್ರ ಮಾತ್ರ ನಗದೆ, "ಒಟ್ಟಿಗಿರಬೇಕಂತೆ. ಯಾರ ಹತ್ರ ಒಟ್ಟಿಗೆ? ಅವಳ ಹತ್ರ!" ಎಂದ. ನಂದಕುಮಾರ ಹೆಂಡತಿಯತ್ತ ಕಣ್ಣು ಬಿಟ್ಟ. ಅವಳು ಒಳಗೆ ಹೋದಳು.

ಕಂಪ್ಯೂಟರನ್ನು ಕತ್ತರಿಸಲು ಬರುವುದಿಲ್ಲವಲ್ಲ, ಅದು ಹಿರಿಯ ಮಗನಿಗಾಯಿತು. ಬದಲಿಗೆ ಕಿರಿಯನಿಗೆ ಹಾಸು ಸುತ್ತುವ ಡ್ರಮ್ಮು. ಕೊನೆಗೆ ಉಳಿದದ್ದು ರಾಮಾಂಜಿನಪ್ಪನವರು. ಅವರನ್ನೂ ತಿಂಗಳಿಗೊಂದು ಮನೆ ಎಂದು ಬಿಟ್ಟು ಬಿಟ್ಟು ಹಾಕಿದರು.

ರಾಜೇಂದ್ರ ಕಂಪ್ಯೂಟರನ್ನು ಒಯ್ದು ಮಗ್ಗದ ಮನೆಯಲ್ಲಿಟ್ಟ. ನೂಲಿನ ದೂಳು, ಹೋಗಿ ಬಂದು ಮಾಡುವ ಕರೆಂಟು. ಮಳೆಗಾಲ ಮುಗಿಯುವುದರೊಳಗೆ ಒಂದು ಮಧ್ಯಾಹ್ನ ಸುಟ್ಟ ವಾಸನೆ ಗೋಡೆ ದಾಟಿ ಈಚೆ ಬಂತು. ಮುನಿರಾಜ್ ಬಂದು ಬಿಚ್ಚಿ ನೋಡಿ, "ಒಳಗಿದ್ದದ್ದೆಲ್ಲ ಹೋಯ್ತು ರಾಜಣ್ಣ" ಅಂದ. ಅಲ್ಲಿಗೆ ಆ ಡಿಸೈನುಗಳು ಲೋಕದಲ್ಲಿ ಉಳಿದದ್ದು ಆ ಹನ್ನೆರಡು ಫ್ಲಾಪಿಗಳಲ್ಲಿ ಮಾತ್ರ, ಅದೂ ಗೋಡೆಯ ಎರಡು ಕಡೆ. ಮಗ್ಗಕ್ಕೆ ಡಿಸೈನು ಓದಿಸುವ ಹಳೇ ಪಂಚಿಂಗ್ ಕಾರ್ಡುಗಳು ತೂತು ಹರಿದು ಬಳ್ಳಿಗಳು ಕುಂಟತೊಡಗಿದ್ದವು. ಹೊಸ ಕಾರ್ಡು ಹೊಡೆಸಬೇಕಾದರೆ ಡಿಸೈನು ಬೇಕು. ಎರಡು ಮನೆಗೂ ಬೇಕು.

ಆದರೆ ನಾಗಲಕ್ಷ್ಮಮ್ಮನಿಗೆ ಬೇಕಾಗಿದ್ದದ್ದು ಬೇರೆ ಥರ. ಅವಳು ಬೀರು ತೆಗೆದಾಗೆಲ್ಲ ಆ ಆರು ಫ್ಲಾಪಿಗಳನ್ನು ಮುಟ್ಟಿ ನೋಡುತ್ತಿದ್ದಳು. ತಾನು ಹೆತ್ತದ್ದರ ಅರ್ಧ ಮೈ ಒಂದು ಕಡೆ, ಇನ್ನರ್ಧ ಇನ್ನೊಂದು ಕಡೆ.

ಲ್ಯಾಪ್‌ಟಾಪ್ ಬಂದ ಮಾರನೇ ಬೆಳಿಗ್ಗೆ ಅವಳು ಬಿಡಿಸಿದ ಅವರೆಕಾಳನ್ನು ಬಟ್ಟಲಿಗೆ ತುಂಬಿ, ಮೇಘನಳ ಕೈ ಹಿಡಿದು ಆಚೆ ಬಾಗಿಲಿಗೆ ಹೋದಳು. ಬರಿಗೈಲಿ ಹೋಗಬಾರದು ಅನ್ನುವುದು ಒಂದು. ಕೈಯಲ್ಲಿ ಏನಾದರೂ ಇದ್ದರೆ ಬಾಗಿಲಲ್ಲೇ ನಿಲ್ಲಿಸಿ ಕಳಿಸಲು ಬರುವುದಿಲ್ಲ ಅನ್ನುವುದು ಇನ್ನೊಂದು.

ಲಕ್ಷ್ಮೀದೇವಮ್ಮ ಒಲೆ ಮುಂದಿನಿಂದಲೇ ಕೇಳಿದಳು. "ಏನು ನಾಗೂ, ದಾರಿ ತಪ್ಪಿದ್ಯಾ?"

"ಸೊನೆ ಅವರೆ ಅಕ್ಕ. ನಿಂಗೆ ಇಷ್ಟ ಅಂತ."

"ಅವರೆಕಾಯಿ ನಮ್ಮನೇಗೂ ಬರುತ್ತೆ." ಆದರೂ ಬಟ್ಟಲು ತೆಗೆದುಕೊಂಡು ಮೂಗಿಗೆ ಹಿಡಿದಳು. "ಏನು ಬೇಕಿತ್ತು, ಅದು ಹೇಳು."

"ನಿಮ್ಮ ಹತ್ರ ಇರೋ ಫ್ಲಾಪಿ."

"ಅವು ಜೋಪಾನವಾಗಿವೆ. ದೇವರ ಗೂಡಲ್ಲಿಟ್ಟಿದೀನಿ. ಆಯುಧಪೂಜೇಲಿ ಅರಿಶಿನ ಕುಂಕುಮ ಎಲ್ಲಾ ಇಟ್ಟೆ."

ನಾಗಲಕ್ಷ್ಮಮ್ಮ ಬಾಗಿಲು ದಾಟಿ ಒಳಗೇ ಬಂದಳು. "ಕುಂಕುಮಾನಾ? ಫ್ಲಾಪಿಗಾ?"

"ಮೇಲೇಮೇಲೆ ಕಣೇ! ಒಳಗೆ ಸುರೀಲಿಲ್ಲ."

"ಅಕ್ಕ, ಅವನ್ನ ಇಟ್ಕೊಂಡು ನೀವೇನು ಮಾಡ್ತೀರ?"

"ನೀನು ನಿನ್ನವನ್ನ ಇಟ್ಕೊಂಡು ಏನ್ಮಾಡ್ತಿದೀಯ?"

ಯಾರು ಮೊದಲು ಎಂದು ತಿಳಿಯದ ಹಾಗೆ, ಇಬ್ಬರಿಗೂ ನಗು ಬಂತು. ಲಕ್ಷ್ಮೀದೇವಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, "ಹೋಗು, ಅವರನ್ನ ಕೇಳಿ ನೋಡ್ತೀನಿ. ಎಲ್ಲಿ, ಆ ಮಗೂನ ಇತ್ಲಾಗಿ ಕೊಡು. ಎಷ್ಟು ಬಡವಾಗಿದಾಳೆ, ಊಟ ಹಾಕ್ತೀಯೋ ಇಲ್ವೋ?" ಎಂದು ಮೇಘನಳ ಕೆನ್ನೆ ಹಿಂಡಿದಳು.

ರಾಜೇಂದ್ರ ಒಪ್ಪಿದ. ಆದರೆ ಸಂಜೀವಪ್ಪನವರು ಎದುರಿಗಿರಬೇಕು, ಕೆಲಸ ಎರಡು ಮನೆಗೂ ಸೇರಿದ ಜಗಲಿಯ ಮೇಲೆ ಆಗಬೇಕು ಎಂದ. ಭಾನುವಾರ ಚಾಪೆ ಹಾಸಿದರು. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತಿತ್ತು. ಕರೆಂಟು ಯಾರ ಮನೆಯದು ಎಂಬುದಕ್ಕೇ ಒಂದು ಸುತ್ತು ಮಾತು ನಡೆಯಿತು. ಕೊನೆಗೆ ವೈರು ತಮ್ಮನದು, ಕರೆಂಟು ಅಣ್ಣನದು ಎಂದು ತೀರ್ಪಾಯಿತು. ಮುನಿರಾಜ್ ವೈರು ಎಳೆದು ಚುಚ್ಚುತ್ತಾ, "ಮೀಟರ್‌ಗೂ ಪಾಲು ಹಾಕಿ ಗುರು" ಎಂದು ಗೊಣಗಿಕೊಂಡ.

ನಾಗಲಕ್ಷ್ಮಮ್ಮ ಗೋಡೆಗೆ ಒರಗಿ, ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಅದು ಮೊದಲು ಕೇಳಿದ್ದು ಕೊನೆಯ ಫ್ಲಾಪಿಯನ್ನು. ಅದು ನಂದಕುಮಾರನ ಪಾಲಿನದು.

"ಒಂದರಿಂದ ತಾನೇ ಶುರು ಆಗ್ಬೇಕು?" ರಾಜೇಂದ್ರ ಎದ್ದೇ ನಿಂತ. "ಒಂದು ನಮ್ದು. ಏನೋ ಆಟ ಇದೆ ಇದ್ರಲ್ಲಿ."

"ಆಟ ಇಲ್ಲ ರಾಜಣ್ಣ," ಅಂದ ಮುನಿರಾಜ್. "ಯಾವ್ಯಾವುದು ಎಲ್ಲೆಲ್ಲಿದೆ ಅನ್ನೋ ಪಟ್ಟಿ ಕೊನೇದರಲ್ಲಿರುತ್ತೆ. ಊಟ ಆದ್ಮೇಲೆ ತಾನೇ ಎಷ್ಟು ಎಲೆ ಬಿತ್ತು ಅಂತ ಗೊತ್ತಾಗೋದು."

ಆಮೇಲೆ ಒಂದನ್ನು ಕೇಳಿತು. ಲಕ್ಷ್ಮೀದೇವಮ್ಮ ದೇವರ ಗೂಡಿನಿಂದ ತಂದ ತಟ್ಟೆಯಿಂದ ಎತ್ತಿಕೊಟ್ಟಳು. ಎರಡನ್ನು ಕೇಳಿತು, ನಂದಕುಮಾರ ಕೊಟ್ಟ. ಬೀಗರಿಗೆ ತಾಂಬೂಲ ಕೊಟ್ಟು ತೆಗೆದುಕೊಳ್ಳುವ ಹಾಗೆ ಆಚೆಯಿಂದೊಂದು ಈಚೆಯಿಂದೊಂದು ಬಂದವು. ಪ್ರತಿಯೊಂದೂ ಒಳಗೆ ಹೋಗಿ ಸಣ್ಣಗೆ ರಾಟೆ ತಿರುಗಿದ ಹಾಗೆ ಸದ್ದು ಮಾಡುತ್ತಿತ್ತು. ಆಚೆಯ ಪಾಲಿನ ಒಂದು ಮಾತ್ರ ಗರಗರ ಎಂದು ನಿಂತುಬಿಟ್ಟಿತು.

"ನೋಡಿ, ನಾನು ಮುಟ್ಟಿಲ್ಲ," ನಾಗಲಕ್ಷ್ಮಮ್ಮನ ಬಾಯಿಂದ ತಾನಾಗಿ ಬಂತು.

ಮುನಿರಾಜ್ ಅದನ್ನು ಹೊರತೆಗೆದು ತಗಡಿನ ಮುಚ್ಚಳ ಸರಿಸಿದ. ಅಂಚಿನಲ್ಲಿ ಕೆಂಪಗೆ ಕುಂಕುಮ. ಉಫ್ ಎಂದು ಊದಿ, ಕರ್ಚೀಫಿನ ತುದಿಯಿಂದ ಒರೆಸಿ ಮತ್ತೆ ತೂರಿಸಿದ. ಗರಗರ. ತೆಗೆದ, ಒರೆಸಿದ, ತೂರಿಸಿದ. ಲಕ್ಷ್ಮೀದೇವಮ್ಮ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದಳು. ಸದ್ದು ಬದಲಾಯಿತು. ರಾಟೆ ತಿರುಗಿತು.

ಕೊನೆಗೆ ಪರದೆಯ ಮೇಲೆ ಹೆಸರುಗಳು ಒಂದರ ಕೆಳಗೊಂದು ಸಾಲಾಗಿ ನಿಂತವು. ಅವಳು ಒಂದನ್ನು ತೆರೆದಳು. ಹಸಿರು ಚೌಕಗಳ ನಡುವೆ ಗಿಳಿಗಳ ಅಂಚು, ಮೂತಿ ಎತ್ತಿಕೊಂಡು. ಬಳ್ಳಿ ಹರಿದು ಬಂದು, ಬಾಗುವ ಕಡೆ ಒಂದಿಷ್ಟು ತಡೆದು, ಆಮೇಲೆ ಬಾಗಿತ್ತು.

"ಬಂತಾ?" ಮಾವ ಕೂತಲ್ಲಿಂದ ಕತ್ತು ಚಾಚಿದರು.

"ಬಂತು ಮಾವ. ಎಲ್ಲಾ ಬಂತು."

ಲಕ್ಷ್ಮೀದೇವಮ್ಮ ಬಂದು ಅವಳ ಭುಜದ ಮೇಲೆ ಕೈಯಿಟ್ಟು ಬಗ್ಗಿದಳು. ಆ ಕೈ ಅಲ್ಲಿ ಬಿದ್ದು ಎಷ್ಟು ಕಾಲವಾಗಿತ್ತು. "ಇದು ಮೇಘೂಗೆ ಹಲ್ಲು ಬರೋವಾಗ ಬರೆದಿದ್ದಲ್ವೇನೇ? ಇಡೀ ದಿನ ನಾನೇ ಎತ್ಕೊಂಡಿದ್ದೆ."

"ಹೂಂ ಅಕ್ಕ. ನೀನಿಲ್ದಿದ್ರೆ ಆಗ್ತಾನೇ ಇರ್ಲಿಲ್ಲ."

ನಾಗಲಕ್ಷ್ಮಮ್ಮನ ಬದುಕಿನಲ್ಲಿ ಆಮೇಲೆ ಅಂಥ ಗಳಿಗೆ ಬಂದದ್ದು ಕಾಣೆ. ಅದು ಎಲೆಯಡಿಕೆ ಬಾಯಿಗೆ ಹಾಕಿಕೊಳ್ಳುವಷ್ಟು ಹೊತ್ತೂ ಇರಲಿಲ್ಲ.

ಸಂಜೀವಪ್ಪನವರು ಗಂಟಲು ಸರಿಮಾಡಿಕೊಂಡರು. "ಸರಿ. ಮಾಲು ಬಂತು. ಇನ್ನು ಹಂಚೋಣ."

"ಹಂಚೋದೇ ಬೇಡ ದೊಡ್ಡಪ್ಪ," ಅವಳು ಖುಷಿಯಲ್ಲೇ ಅಂದಳು. "ನಕಲು ಮಾಡಿ ಇಬ್ಬರಿಗೂ ಪೂರ್ತಿ ಕೊಡಬಹುದು. ಯಾರಿಗೂ ಒಂದು ಚುಕ್ಕೀನೂ ಕಮ್ಮಿ ಆಗಲ್ಲ."

"ಅದೇನಮ್ಮ ಮಾತು?" ಅಂದ ರಾಜೇಂದ್ರ. "ಎರಡು ಮಗ್ಗದಲ್ಲೂ ಒಂದೇ ಸೀರೆ ಇಳಿದ್ರೆ ಚಿಕ್ಕಪೇಟೆಯವನು ನಮ್ಮಿಬ್ಬರನ್ನೂ ಎದುರುಬದುರು ಕೂರಿಸಿ ಹರಾಜು ಹಾಕ್ತಾನೆ. ಅಪ್ಪಂಗೆ ಆಗಿದ್ದು ಮರ್ತೋಯ್ತಾ?"

ಅದು ಸುಳ್ಳಲ್ಲ. ಅವಳಿಗೂ ಗೊತ್ತು. ಮಾವ ತಲೆ ಅಲ್ಲಾಡಿಸಿದರು. ನಂದಕುಮಾರನೂ, "ಅಣ್ಣ ಹೇಳೋದು ಸರಿ" ಎಂದ. ಒಂದು ವರ್ಷದಲ್ಲಿ ಅಣ್ಣ ತಮ್ಮ ಒಂದಾದ ಮೊದಲ ಮಾತು ಅದು.

ಮತ್ತೆ ಲಡಿಯ ಕ್ರಮವೇ. ಮುನಿರಾಜ್ ಹೆಸರು ಓದುತ್ತಿದ್ದ, ಸಂಜೀವಪ್ಪನವರು ಬೆರಳು ಆಚೆ ಈಚೆ ಆಡಿಸುತ್ತಿದ್ದರು. ಗಿಳಿ ಅಂಚು ಅಣ್ಣನಿಗೆ, ಅದರ ಸೆರಗು ತಮ್ಮನಿಗೆ. ಮಾವಿನ ಬುಟ್ಟ ತಮ್ಮನಿಗೆ, ಅದಕ್ಕೆ ಹೊಂದಿಸಿದ ಅಂಚು ಅಣ್ಣನಿಗೆ. ಜೊತೆಯಾಗಿ ಹುಟ್ಟಿದವು ಯಾವುವೂ ಜೊತೆಯಲ್ಲಿ ಉಳಿಯಲಿಲ್ಲ. ಅಣ್ಣನ ಪಾಲಿನದನ್ನು ಅವಳು ಬೇರೆ ಫ್ಲಾಪಿಗೆ ಹಾಕಬೇಕು, ಆಮೇಲೆ ಲ್ಯಾಪ್‌ಟಾಪಿನಿಂದ ತೆಗೆಯಬೇಕು.

"ಅಳಿಸಮ್ಮ," ಎನ್ನುತ್ತಿದ್ದರು ಸಂಜೀವಪ್ಪ, ಎಲ್ಲರಿಗೂ ಕಾಣುವ ಹಾಗೆ ಪರದೆ ತಿರುಗಿಸಿಕೊಂಡು.

ಅಳಿಸುವ ಮುಂಚೆ ಯಂತ್ರ ಪ್ರತಿ ಸಲವೂ, ನಿಜವಾಗಿಯೂ ಬೇಡವೇ ಎಂದು ಕೇಳುತ್ತಿತ್ತು. ಆ ಜಗಲಿಯ ಮೇಲೆ ಅವಳನ್ನು ಹಾಗೆ ಕೇಳಿದ್ದು ಅದೊಂದೇ. ಬೇಡ ಎಂದು ಅವಳು ಒತ್ತುತ್ತಿದ್ದಳು.

ನಡುವೆ ಒಂದು ಹೆಸರು ಬಂದಾಗ ಅವಳ ಕೈ ನಿಂತಿತು. ತಪ್ಪುಹೆಜ್ಜೆ ಇಡುವ ಬಾತುಕೋಳಿ ಮರಿಗಳ ಸಣ್ಣ ಪಟ್ಟಿ. ಮಗಳ ನಾಮಕರಣದ ಲಂಗಕ್ಕೆಂದು ಬರೆದದ್ದು, ಯಾವ ಸೀರೆಗೂ ಹಾಕಿದ್ದಲ್ಲ. "ಇದೊಂದು ನಂಗೆ ಬಿಡಿ ದೊಡ್ಡಪ್ಪ. ಇದು ಮಾರೋದಲ್ಲ."

"ಅದಕ್ಕೇನಮ್ಮ, ತಗೋ," ಎಂದು ನಕ್ಕರು ಅವರು.

"ಬಿಡೋಣ," ಅಂದ ರಾಜೇಂದ್ರ. "ಆದ್ರೆ ಇದರ ಬದಲಿಗೆ ನಮಗೊಂದು ಹೆಚ್ಚು ಬರಬೇಕಾಗುತ್ತೆ."

ನಂದಕುಮಾರ ತಟ್ಟನೆ, "ಹೆಚ್ಚು ಯಾಕೆ? ಅದನ್ನ ನಮ್ಮ ಪಾಲಿಗೇ ಸೇರಿಸಿ ಲೆಕ್ಕ ಹಾಕಿ" ಎಂದ. ಹಾಗೆ ಆ ಬಾತುಮರಿಗಳೂ ನಂದಕುಮಾರನ ಆಸ್ತಿಯಾದವು. ಅವಳದ್ದು ಎಂದು ಏನೂ ಬರಲಿಲ್ಲ. ಬರಬೇಕೆಂದು ಯಾರಿಗೂ ಅನ್ನಿಸಲೂ ಇಲ್ಲ.

ಎಲ್ಲ ಮುಗಿದು ಮುನಿರಾಜ್ ವೈರು ಸುತ್ತುತ್ತಿದ್ದಾಗ ರಾಜೇಂದ್ರ, "ಇಷ್ಟೆಲ್ಲಾ ಸರಿ. ಆದ್ರೆ ಇದರ ಅಸಲು ಇನ್ನೊಂದು ಕಡೆ ಇದೆಯಲ್ಲ?" ಎಂದ.

"ಎಲ್ಲಿ?" ಅಂದರು ಸಂಜೀವಪ್ಪ.

ರಾಜೇಂದ್ರ ನಾಗಲಕ್ಷ್ಮಮ್ಮನ ತಲೆಯ ಕಡೆ ಕೈ ತೋರಿಸಿದ. "ಅಲ್ಲಿ. ನಾಳೆ ಕೂತು ನಮ್ಮ ಪಾಲಿಂದೆಲ್ಲ ಮತ್ತೆ ಬರ್ಕೊಂಡ್ರೆ ಯಾರು ಹಿಡಿಯೋರು?"

ಸಂಜೀವಪ್ಪನವರು ಗಡ್ಡ ತುರಿಸಿಕೊಂಡರು. ಆಮೇಲೆ ಮಗ್ಗದಿಂದ ಒಂದು ಲಾಳಿ ತರಿಸಿದರು. ಲಾಳಿ ಹಿಡಿದು ಕೊಟ್ಟ ಮಾತನ್ನು ನೇಕಾರರು ಮುರಿಯುವುದಿಲ್ಲ. ಮುರಿದರೆ ಕುಲದೇವಿ ಚೌಡೇಶ್ವರಿ ಆ ಮನೆಯ ಹಾಸನ್ನು ಹರಿಯುತ್ತಾಳೆ ಎಂಬುದು ಹಾಲು ಹಲ್ಲಿನ ಮಕ್ಕಳಿಗೂ ಗೊತ್ತು.

"ಹಿಡ್ಕೊಳಮ್ಮ. ಆಚೆ ಪಾಲಿಗೆ ಹೋದ ಗೆರೆ ನನ್ನ ಕೈಯಲ್ಲಿ ಮತ್ತೆ ಹುಟ್ಟಲ್ಲ ಅನ್ನು."

ನಾಗಲಕ್ಷ್ಮಮ್ಮ ಗಂಡನನ್ನು ನೋಡಿದಳು. ಅವನು ವೈರನ್ನು ನೋಡುತ್ತಿದ್ದ. "ಅಂದ್ಬಿಡೇ. ಬರೀ ಮಾತು ತಾನೆ." ಮಾವನನ್ನು ನೋಡಿದಳು. ಅವರು ಈ ತಿಂಗಳು ಆಚೆ ಮನೆಯ ಪಾಲು. ಅಕ್ಕನನ್ನು ನೋಡಿದಳು. ಲಕ್ಷ್ಮೀದೇವಮ್ಮ ಮಲಗಿದ್ದ ಮೇಘನಳ ಮುಖದಿಂದ ನೊಣ ಓಡಿಸುತ್ತಿದ್ದಳು, ತಲೆ ಎತ್ತಲಿಲ್ಲ.

ಎದ್ದು ಹೋಗಬಹುದಿತ್ತ? ಹೋದರೆ ರಾಜೇಂದ್ರ ತನ್ನ ಫ್ಲಾಪಿಗಳ ಲೆಕ್ಕ ಎತ್ತುತ್ತಾನೆ, ಮತ್ತೆ ಜಗಳ, ಮತ್ತೆ ಮಗ್ಗ ನಿಲ್ಲುತ್ತದೆ. ಅರ್ಧವಾದರೂ ಕೈಯಲ್ಲಿದೆ, ಹೊಸದು ಬರೆಯುವ ಕೈ ಹೇಗೂ ತನ್ನದೇ. ಹಾಗೆಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು ಅವಳು ಲಾಳಿ ಹಿಡಿದಳು, ಹೇಳಿದಳು.

ಯುಗಾದಿ ಹತ್ತಿರವಾದಾಗ ಅವಳು ಒಂದು ಹೊಸ ಅಂಚು ಬರೆದಳು. ಗಿಳಿಯಿಲ್ಲ, ಮಾವಿಲ್ಲ, ಹೂವಿಲ್ಲ. ರಾಗಿ ತೆನೆ. ಹಳೆಯದರ ನೆರಳೂ ಬೀಳದಂತೆ ಬೇಕೆಂದೇ ಹುಡುಕಿದ್ದು. ತೆನೆಯಿಂದ ತೆನೆಗೆ ಒಂದು ಸಣ್ಣ ದಂಟು ಹರಿಯುತ್ತಿತ್ತು. ಮೊದಲ ಸೀರೆ ಇಳಿದಾಗ ನಂದಕುಮಾರನೂ, "ಪರವಾಗಿಲ್ಲ ಕಣೇ, ಇನ್ನೂ ಇದೆ ನಿನ್ನಲ್ಲಿ" ಎಂದ. ಬೆಳಕಿನಲ್ಲಿ ಹೇಗೆ ಕಾಣುತ್ತದೆ ನೋಡಲೆಂದು ಅದನ್ನು ಹೊರಗೆ ಗಳುವಿಗೆ ಹಾಕಿದ್ದರು.

ನಲ್ಲಿಗೆ ಬಂದ ಲಕ್ಷ್ಮೀದೇವಮ್ಮ ಕೊಡ ಕೆಳಗಿಟ್ಟು ಸೀರೆಯ ಮುಂದೆ ನಿಂತಳು. ಅಂಚನ್ನು ಬೆರಳಿನಿಂದ ಸವರುತ್ತಾ ಹೋಗಿ ಒಂದು ಕಡೆ ನಿಲ್ಲಿಸಿದಳು.

"ಇದು ನಮ್ಮ ಗಿಳಿ ಅಂಚಿನ ಬಳ್ಳಿ."

"ಬಳ್ಳಿ ಎಲ್ಲಿದೆ ಅಕ್ಕ? ಅದು ರಾಗಿ ದಂಟು."

"ಏನು ಹೆಸರಾದ್ರೂ ಇಡು. ಬಗ್ಗೋ ಕಡೆ ಒಂದು ಚೂರು ನಿಂತು ಬಗ್ಗುತ್ತಲ್ಲ, ಅದು ನಮ್ಮದು. ನನ್ನ ಮುಂದೇನೇ ತಾನೇ ಬರೆದಿದ್ದು ನೀನು? ನನಗೆ ಗೊತ್ತಿಲ್ವಾ?"

ನಾಗಲಕ್ಷ್ಮಮ್ಮ ನೋಡಿದಳು. ಹೌದು, ಅದೇ ಬಾಗು. ಬೇಕೆಂದು ಇಟ್ಟದ್ದಲ್ಲ. "ಅದು ಡಿಸೈನಲ್ಲ ಅಕ್ಕ, ನನ್ನ ಕೈ. ನನ್ನ ಕೈ ಬಗ್ಗೋದೇ ಹಂಗೆ."

"ಲಾಳಿ ಹಿಡ್ಕೊಂಡಿದ್ದೂ ಅದೇ ಕೈ ಅಲ್ವಾ?"

ಕೇಳಿದ ದನಿಯಲ್ಲಿ ಸಿಟ್ಟಿರಲಿಲ್ಲ, ಭಯವಿತ್ತು. ಲಕ್ಷ್ಮೀದೇವಮ್ಮ ಕೊಡ ಎತ್ತಿಕೊಂಡು, "ನಿನಗೆ ಮಗಳಿದಾಳೆ ಕಣೇ. ದೇವಿ ಜೊತೆ ಆಟ ಬೇಡ" ಎಂದು ಹೋದಳು.

ಸಂಜೆಗೆ ರಾಜೇಂದ್ರ ಬಂದ, ಸಂಜೀವಪ್ಪನವರಿಗೆ ಹೇಳಿಕಳಿಸಿದ. ದೊಡ್ಡ ಜಗಳವೇನೂ ಆಗಲಿಲ್ಲ. ನಂದಕುಮಾರನೇ ಸೋತು ಹೋಗಿದ್ದ. ರಾಗಿ ತೆನೆಯ ಕಾರ್ಡುಗಳನ್ನು ಮಗ್ಗದಿಂದ ಇಳಿಸಿ, ಮರುದಿನ ಬೆಂಗಳೂರಿಗೆ ಹೋಗಿ ದುಡ್ಡು ಕೊಟ್ಟು ಡಿಸೈನು ತಂದ. ತಂದದ್ದು ಎದುರುಮನೆಯಲ್ಲೂ ನೇಯುತ್ತಿದ್ದ ತಾವರೆ. "ಇನ್ನು ನಿಂಗೆ ಆ ತಲೆನೋವು ಬೇಡ," ಅಂದ ಹೆಂಡತಿಗೆ, ನಿಜವಾಗಿಯೂ ಅಕ್ಕರೆಯಿಂದ. "ಬಿಲ್ಲು ಗಿಲ್ಲು ಟೈಪ್ ಮಾಡ್ಕೊಂಡು ಆರಾಮಾಗಿರು."

ಈಗ ಅವಳು ಬೆಳಿಗ್ಗೆ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಾಳೆ, ಮಧ್ಯಾಹ್ನ ಬಿಲ್ಲು ಟೈಪು ಮಾಡುತ್ತಾಳೆ. ಮನೆ ಚೊಕ್ಕಟ, ಮಗ್ಗಗಳು ನಿಂತಿಲ್ಲ. ಕೇಳಿದವರಿಗೆ, "ಚೆನ್ನಾಗಿದೀವಿ ಕಣ್ರೀ" ಎನ್ನುತ್ತಾಳೆ.

ಮೊನ್ನೆ ಶುಕ್ರವಾರ ಅವಳು ಒಲೆಯ ಮೇಲೆ ಹಾಲಿಟ್ಟು ಬರುವಷ್ಟರಲ್ಲಿ ಮೇಘನ ಸಾರಿಸಿದ ಅಂಗಳದಲ್ಲಿ ಕೂತು ತಾನೇ ರಂಗೋಲಿ ಹಾಕುತ್ತಿದ್ದಳು. ಶಾಲೆಗೆ ಸೇರಿ ಇನ್ನೂ ವರ್ಷ ತುಂಬಿಲ್ಲ. ಪುಟ್ಟ ಬೆರಳುಗಳ ಸಂದಿಯಿಂದ ಹಿಟ್ಟು ದಪ್ಪದಪ್ಪಗೆ ಬೀಳುತ್ತಿತ್ತು. ಹೊಸಿಲ ಬುಡದಿಂದ ಒಂದು ಗೆರೆ ಎಳೆದುಕೊಂಡು ಹೋಗಿ, ತಿರುಗುವಲ್ಲಿ ಒಂದು ಗಳಿಗೆ ತಡೆದು, ಬಾಗಿಸಿದಳು.

"ಅಮ್ಮಾ, ಬಳ್ಳಿ!"

ನಾಗಲಕ್ಷ್ಮಮ್ಮ ಆಚೆ ಬಾಗಿಲ ಕಡೆ ನೋಡಿದಳು. ಮುಚ್ಚಿತ್ತು; ಒಳಗೆ ಬಳೆ ಸದ್ದು ಕೇಳುತ್ತಿತ್ತು. ಅವಳು ತೊಟ್ಟಿಯಿಂದ ಒಂದು ಚೊಂಬು ನೀರು ತಂದು ಆ ಬಳ್ಳಿಯ ಮೇಲೆ ಸುರಿದಳು. ಬಿಳಿ ನೀರು ಮೋರಿಯ ಕಡೆ ಹರಿಯಿತು.

ಮಗಳು ಕಣ್ಣು ತುಂಬಿಕೊಂಡು ಮೇಲೆ ನೋಡಿದಳು. "ಚೆನ್ನಾಗಿರ್ಲಿಲ್ವಾಮ್ಮಾ?"

"ಚೆನ್ನಾಗಿತ್ತು ಮಗಾ." ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಹಿಟ್ಟಾದ ಬೆರಳುಗಳನ್ನು ಸೆರಗಿನಿಂದ ಒರೆಸಿದಳು. "ಬೇರೆ ಹಾಕು. ಚುಕ್ಕಿ ಇಟ್ಕೊಂಡು, ಚುಕ್ಕಿಯಿಂದ ಚುಕ್ಕಿಗೆ ನೆಟ್ಟಗೆ ಎಳಿ. ಎಲ್ಲೂ ನಿಲ್ಲಬೇಡ."